ಕಾಮಣಿ, ಮದ್ದು ಮತ್ತು ರಕ್ತದ ಗುರುತುಗಳು: ಏಕಸಂಬಿ ಪರಿಸರದ ಜನಪದ ವೈದ್ಯದ ಹಿನ್ನೆಲೆಯಲ್ಲಿ ಹೆಪಟೈಟಿಸ್ ಸಿ ಮತ್ತು ಅಫೀಮುಜನ್ಯ ಚಿಕಿತ್ಸೆ

'ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ' ಎಂಬ ಗಾದೆ ಕನ್ನಡ ನಾಡಿನಾದ್ಯಂತ ಬಳಕೆಯಲ್ಲಿದೆ. ಪೂರ್ವಗ್ರಹ ಪೀಡಿತ ಮನಸ್ಸನ್ನು ಹಳಿಯಲು ಇದನ್ನು ಬಳಸುವುದುಂಟಾದರೂ ಗಾದೆಯ ತಳದಲ್ಲಿ ಒಂದು ವೈದ್ಯಕೀಯ ಅವಲೋಕನವಿದೆ. ದೇಹದೊಳಗಿನ ಕಾಣದ ಕೆಡುಕು ಹೊರಗಿನ ಒಂದು ಗುರುತಾಗಿ ತೋರುತ್ತದೆ, ಆ ಗುರುತನ್ನು ಓದಬಲ್ಲವನೇ ವೈದ್ಯ ಎಂಬುದು ಜನಪದರ ತಿಳಿವಳಿಕೆ. ಕಣ್ಣಿನ ಬಿಳಿಭಾಗ, ಉಗುರು, ನಾಲಗೆ, ಮೂತ್ರದ ಬಣ್ಣ, ನಾಡಿಯ ನಡಿಗೆ ಇವೆಲ್ಲ ಅವರ ಪಾಲಿಗೆ ಓದಬೇಕಾದ ಅಕ್ಷರಗಳು. ಆಧುನಿಕ ರೋಗನಿರೋಧಕ ವಿಜ್ಞಾನವೂ ಗುರುತುಗಳನ್ನೇ ಓದುತ್ತದೆ. ವ್ಯತ್ಯಾಸವಿರುವುದು ಗುರುತುಗಳು ಇರುವ ಸ್ಥಳದಲ್ಲಿ. ಅವು ಕಣ್ಣಿಗೆ ಕಾಣದೆ ರಕ್ತದೊಳಗೆ ಅಡಗಿರುತ್ತವೆ.

ಹೆಪಟೈಟಿಸ್ ಸಿ ಸೋಂಕಿಗೆ ಒಳಗಾಗಿ, ಅದೇ ವೇಳೆಗೆ ಅಫೀಮುಜನ್ಯ ಔಷಧಗಳ ಚಿಕಿತ್ಸೆಯನ್ನೂ ಪಡೆಯುತ್ತಿರುವ ರೋಗಿಗಳಲ್ಲಿ ಈ ರಕ್ತದ ಗುರುತುಗಳು ಏನನ್ನು ಹೇಳುತ್ತವೆ, ಅವುಗಳ ಅರ್ಥವನ್ನು ಗಡಿನಾಡಿನ ಜನಪದ ವೈದ್ಯ ಪರಿಭಾಷೆಯಲ್ಲಿ ಹೇಗೆ ವಿವರಿಸಬಹುದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಪರಿಸರ ಮತ್ತು ಪರಂಪರೆ

ಚಿಕ್ಕೋಡಿ ತಾಲೂಕಿನ ಏಕಸಂಬಿ ದೂಧಗಂಗಾ ನದಿಯ ಬಯಲಿನಲ್ಲಿರುವ ಊರು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡಗಳನ್ನು ಒಳಗೊಂಡ ಈ ಸೀಮೆ ಕಬ್ಬು ಹಾಗೂ ತಂಬಾಕಿನ ನಾಡು. ಕನ್ನಡ ಮತ್ತು ಮರಾಠಿ ಎರಡೂ ಮನೆಮಾತಾಗಿರುವ ನಾಡು. ಇಲ್ಲಿನ ಪ್ರಾಚೀನತೆಗೆ 1165ರ ಶಾಸನ ಸಾಕ್ಷಿಯಾಗಿದೆ. ಶಿಲಾಹಾರ ವಿಜಯಾದಿತ್ಯನ ದಂಡನಾಯಕ ಕಾಲಣನು ಏಕಸಂಬಿಯಲ್ಲಿ ನೇಮಿನಾಥ ಬಸದಿಯನ್ನು ಕಟ್ಟಿಸಿದ ಸಂಗತಿಯನ್ನು, ಯಾಪನೀಯ ಸಂಘದ ವಿಜಯಕೀರ್ತಿ ಮುನಿಯ ಹೆಸರನ್ನು ಅದು ದಾಖಲಿಸುತ್ತದೆ. ಸಮೀಪದ ಸದಲಗಾ ಪ್ರಾಕೃತ ವಿದ್ವಾಂಸ ಆ. ನೇ. ಉಪಾಧ್ಯೆಯವರ ಹುಟ್ಟೂರು.

ಜೈನ ಪರಂಪರೆಯು ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂದು ನಾಲ್ಕು ಬಗೆಯ ದಾನಗಳನ್ನು ಹೇಳುತ್ತದೆ. ಔಷಧವನ್ನು ಅನ್ನ ಹಾಗೂ ಅರಿವಿನ ಸಾಲಿನಲ್ಲಿಟ್ಟು ನೋಡಿದ ಈ ದೃಷ್ಟಿ ಕನ್ನಡ ನಾಡಿನ ವೈದ್ಯ ಸಾಹಿತ್ಯಕ್ಕೆ ದೊಡ್ಡ ಪ್ರೇರಣೆಯಾಯಿತು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಉಗ್ರಾದಿತ್ಯನ ಸಂಸ್ಕೃತ ಗ್ರಂಥ 'ಕಲ್ಯಾಣಕಾರಕ', ಜಗದ್ದಳ ಸೋಮನಾಥನ 'ಕರ್ಣಾಟಕ ಕಲ್ಯಾಣಕಾರಕ', ಹದಿನಾಲ್ಕನೆಯ ಶತಮಾನದ ಮಂಗರಾಜನ ವಿಷವೈದ್ಯ ಗ್ರಂಥ 'ಖಗೇಂದ್ರಮಣಿದರ್ಪಣ' ಇವು ಈ ಸಾಲಿಗೆ ಸೇರುತ್ತವೆ. ಆಧುನಿಕ ವೈದ್ಯವೂ ಈ ಸೀಮೆಗೆ ಬೇಗನೆ ಬಂದಿತು. ಅಮೆರಿಕದ ಪ್ರೆಸ್‌ಬಿಟೇರಿಯನ್ ಮಿಶನ್ನಿನ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜದಲ್ಲಿ ಆಸ್ಪತ್ರೆ ತೆರೆದ ಮೇಲೆ ಕೃಷ್ಣಾ ತೀರದ ಹಳ್ಳಿಗಳಿಗೆ 'ಮಿರಜಕ್ಕೆ ಹೋಗುವುದು' ಎಂದರೆ ದೊಡ್ಡ ದವಾಖಾನೆಗೆ ಹೋಗುವುದು ಎಂಬ ಅರ್ಥ ಬಂದಿತು. ಹೀಗೆ ಮನೆಮದ್ದು, ಗಾಂವಠಿ ಔಷಧ ಮತ್ತು ಆಸ್ಪತ್ರೆ ಈ ಮೂರೂ ಒಂದರ ಪಕ್ಕ ಒಂದು ಬಾಳಿರುವ ಪ್ರದೇಶವಿದು.

2. ಕಾಮಣಿ: ಹೆಸರು, ಪಥ್ಯ ಮತ್ತು ಗುಣ

ಶಿಷ್ಟ ಕನ್ನಡದ 'ಕಾಮಾಲೆ' ಉತ್ತರ ಕರ್ನಾಟಕದ ಆಡುಮಾತಿನಲ್ಲಿ 'ಕಾಮಣಿ' ಆಗಿದೆ, ಮರಾಠಿಯಲ್ಲಿ 'ಕಾವೀಳ'. ಇವೆಲ್ಲಕ್ಕೂ ಮೂಲ ಸಂಸ್ಕೃತದ 'ಕಾಮಲಾ'. ಚರಕಸಂಹಿತೆಯ ಚಿಕಿತ್ಸಾಸ್ಥಾನವು ಪಾಂಡುರೋಗದ ಪ್ರಕರಣದಲ್ಲಿಯೇ ಇದನ್ನು ವಿವರಿಸಿ, ಪಾಂಡುರೋಗಿಯು ಪಿತ್ತವನ್ನು ಕೆರಳಿಸುವ ಆಹಾರ ಸೇವಿಸಿದರೆ ಕಾಮಲಾ ಉಂಟಾಗುತ್ತದೆ ಎನ್ನುತ್ತದೆ. ಜನಪದರ ಪಥ್ಯವೂ ಇದೇ ತರ್ಕವನ್ನು ಅನುಸರಿಸುತ್ತದೆ. ಎಣ್ಣೆ, ಖಾರ, ಮಾಂಸ ವರ್ಜ್ಯ. ಮಜ್ಜಿಗೆ, ಮೆತ್ತಗಿನ ಅನ್ನ, ಕಬ್ಬಿನ ಹಾಲು ಪಥ್ಯ. ಔಷಧಗಳಲ್ಲಿ ನೆಲನೆಲ್ಲಿಗೆ ಅಗ್ರಸ್ಥಾನ. ಇದರೊಂದಿಗೆ ಮಂತ್ರಿಸಿದ ದಾರ ಕಟ್ಟುವುದು, ಸುಣ್ಣದ ನೀರಿನಲ್ಲಿ ಕೈ ತೊಳೆಸಿ ಹಳದಿ ಇಳಿಯುವುದನ್ನು ತೋರಿಸುವುದು, ಕಾದ ಕಬ್ಬಿಣದಿಂದ ಚುಟಿಗೆ ಹಾಕುವುದು ಮುಂತಾದ ಕ್ರಿಯಾವಿಧಿಗಳೂ ನಾಡಿನ ಹಲವೆಡೆ ನಡೆದುಬಂದಿವೆ.

ಈ ಚಿಕಿತ್ಸೆಗಳಿಂದ ಗುಣವಾಯಿತೆಂದು ಜನ ನಂಬುವುದಕ್ಕೆ ಬಲವಾದ ಕಾರಣವಿದೆ. ಕಾಮಣಿಗೆ ಸಾಮಾನ್ಯ ಕಾರಣಗಳಾದ ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳು ಮಲಿನ ನೀರು ಹಾಗೂ ಆಹಾರದಿಂದ ಹರಡುತ್ತವೆ. ಬಹುತೇಕ ರೋಗಿಗಳಲ್ಲಿ ಕೆಲವು ವಾರಗಳಲ್ಲಿ ಸೋಂಕು ತಾನಾಗಿಯೇ ಶಮನವಾಗುತ್ತದೆ. ಆ ವಾರಗಳಲ್ಲಿ ರೋಗಿಯು ವಿಶ್ರಾಂತಿ ಪಡೆದು ಹಗುರವಾದ ಆಹಾರ ಸೇವಿಸಿರುತ್ತಾನೆ, ದಾರವೂ ಕಟ್ಟಿರುತ್ತದೆ. ಗುಣವಾದ ಕೀರ್ತಿ ದಾರಕ್ಕೆ ಸಲ್ಲುತ್ತದೆ. ಆದರೆ ಗರ್ಭಿಣಿಯರಲ್ಲಿ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ಹೆಪಟೈಟಿಸ್ ಇ ಪ್ರಾಣಾಂತಿಕವಾಗಬಲ್ಲದು. ಪಥ್ಯವೆಂದು ಕುಡಿಸುವ ಕಬ್ಬಿನ ಹಾಲಿಗೆ ಬೆರೆಸಿದ ಮಂಜುಗಡ್ಡೆಯ ನೀರು ಅಶುದ್ಧವಾಗಿದ್ದರೆ ಅದೇ ರೋಗವಾಹಕವೂ ಆಗುತ್ತದೆ.

ನೆಲನೆಲ್ಲಿಯ ವಿಚಾರ ಬೇರೆ. ಅದು ಪ್ರಯೋಗಶಾಲೆಯ ಬಾಗಿಲನ್ನೂ ತಟ್ಟಿದೆ. 1988ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಮದ್ರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರ ಅಧ್ಯಯನದಲ್ಲಿ, ಹೆಪಟೈಟಿಸ್ ಬಿ ವಾಹಕರಾಗಿದ್ದ 37 ಜನರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಮೇಲ್ಮೈ ಗುರುತು ಮರೆಯಾಯಿತೆಂದು ವರದಿಯಾಗಿತ್ತು. ಹುಸಿಮದ್ದು ಪಡೆದ 23 ಜನರಲ್ಲಿ ಒಬ್ಬರಲ್ಲಿ ಮಾತ್ರ ಹಾಗಾಗಿತ್ತು. ಆ ಗುರುತನ್ನು ಮೊದಲು ಕಂಡುಹಿಡಿದು 1976ರಲ್ಲಿ ನೊಬೆಲ್ ಪ್ರಶಸ್ತಿಗೆ ಪಾತ್ರರಾದ ಬರೂಚ್ ಬ್ಲಂಬರ್ಗ್ ಅವರೂ ಈ ಸಂಶೋಧನೆಯಲ್ಲಿ ಆಸಕ್ತಿ ವಹಿಸಿದ್ದರು. ಆದರೆ ಅನಂತರ ನಡೆದ ಪ್ರಯೋಗಗಳು ಈ ಫಲಿತಾಂಶವನ್ನು ದೃಢಪಡಿಸಲಿಲ್ಲ. ಜನಪದ ಜ್ಞಾನವನ್ನು ಗೌರವಿಸುವುದೆಂದರೆ ಅದನ್ನು ಪರೀಕ್ಷೆಗೆ ಒಡ್ಡುವುದು, ಪರೀಕ್ಷೆಯ ಉತ್ತರವನ್ನು ಒಪ್ಪಿಕೊಳ್ಳುವುದು ಎಂಬುದಕ್ಕೆ ಇದೊಂದು ಉತ್ತಮ ನಿದರ್ಶನ.

3. ಹಳದಿಯಿಲ್ಲದ ಕಾಮಣಿ

ಹೆಪಟೈಟಿಸ್ ಸಿ ಈ ಚೌಕಟ್ಟಿನೊಳಗೆ ಬರುವುದಿಲ್ಲ. ದೀರ್ಘಕಾಲ 'ಎಯೂ ಅಲ್ಲ, ಬಿಯೂ ಅಲ್ಲ' ಎಂಬ ನಿಷೇಧದ ಹೆಸರಿನಿಂದಲೇ ಕರೆಯಲ್ಪಡುತ್ತಿದ್ದ ಈ ರೋಗದ ವೈರಸ್ 1989ರಲ್ಲಿ ಪತ್ತೆಯಾಯಿತು. ಈ ಸಂಶೋಧನೆಗಾಗಿ ಹಾರ್ವೆ ಆಲ್ಟರ್, ಮೈಕೆಲ್ ಹೌಟನ್ ಮತ್ತು ಚಾರ್ಲ್ಸ್ ರೈಸ್ ಅವರಿಗೆ 2020ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಇದು ನೀರಿನಿಂದಲ್ಲ, ರಕ್ತದಿಂದ ಹರಡುತ್ತದೆ. ಸೋಂಕು ತಗುಲಿದ ಬಹುಪಾಲು ಜನರಲ್ಲಿ ಆರಂಭದಲ್ಲಿ ಯಾವ ಲಕ್ಷಣವೂ ತೋರುವುದಿಲ್ಲ. ಶೇಕಡ 15ರಿಂದ 45ರಷ್ಟು ಜನರಲ್ಲಿ ಆರು ತಿಂಗಳೊಳಗೆ ವೈರಸ್ ತಾನಾಗಿಯೇ ನಾಶವಾಗುತ್ತದೆ. ಉಳಿದವರಲ್ಲಿ ಅದು ಯಕೃತ್ತಿನಲ್ಲಿ ನೆಲೆನಿಲ್ಲುತ್ತದೆ. ಹಾಗೆ ನೆಲೆನಿಂತವರಲ್ಲಿ ಇಪ್ಪತ್ತು ವರ್ಷಗಳೊಳಗೆ ಯಕೃತ್ತು ಗಡುಸಾಗಿ ಕುಗ್ಗುವ ಸಂಭವ ಶೇಕಡ 15ರಿಂದ 30. ಕಣ್ಣು ಹಳದಿಯಾಗುವ ಹೊತ್ತಿಗೆ ಕಾಲ ಮೀರಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 5 ಕೋಟಿ, ಭಾರತದಲ್ಲಿ ಸುಮಾರು 55 ಲಕ್ಷ ಜನ ಈ ದೀರ್ಘಕಾಲಿಕ ಸೋಂಕನ್ನು ಹೊಂದಿದ್ದರು.

ಜನಪದ ರೋಗವಿಂಗಡಣೆಯ ಬಿರುಕು ಇರುವುದು ಇಲ್ಲಿಯೇ. ಬಣ್ಣದಿಂದ ಹೆಸರು ಪಡೆದ ರೋಗಕ್ಕೆ ಬಣ್ಣವಿಲ್ಲದಾಗ ಹೆಸರೇ ಇರುವುದಿಲ್ಲ. ಹೆಸರಿಲ್ಲದ್ದಕ್ಕೆ ಪಥ್ಯವಾಗಲಿ ಹರಕೆಯಾಗಲಿ ಹುಟ್ಟುವುದಿಲ್ಲ. ಇನ್ನೊಂದೆಡೆ, ರಕ್ತದ ಮೂಲಕ ಹರಡುವ ರೋಗಕ್ಕೆ ದಾರಿಗಳು ಜನಜೀವನದಲ್ಲಿ ಹಲವು. ದಣಿವು, ಮೈಕೈ ನೋವು ಎಂದರೆ 'ಸೂಜಿ ಮಾಡಿಸಿಕೊಳ್ಳುವ' ರೂಢಿ, ಒಂದೇ ಸೂಜಿಯಿಂದ ಹಲವರಿಗೆ ಹಾಕುವ ಹಚ್ಚೆ, ಬದಲಾಯಿಸದ ಕ್ಷೌರದ ಅಲಗು, ಪರೀಕ್ಷೆಗೊಳಪಡದ ರಕ್ತ ಇವೆಲ್ಲ ಅಂಥ ದಾರಿಗಳು. ಮಾದಕ ದ್ರವ್ಯವನ್ನು ಚುಚ್ಚಿಕೊಳ್ಳುವವರು ಸೂಜಿ ಹಂಚಿಕೊಳ್ಳುವುದು ಇವೆಲ್ಲಕ್ಕಿಂತ ಅಪಾಯಕಾರಿಯಾದದ್ದು. ಹೆಪಟೈಟಿಸ್ ಸಿ ಮತ್ತು ಅಫೀಮುಜನ್ಯ ಚಿಕಿತ್ಸೆ ಒಂದೇ ದೇಹದಲ್ಲಿ ಸಂಧಿಸುವುದು ಸಾಮಾನ್ಯವಾಗಿ ಈ ದಾರಿಯಲ್ಲಿ.

4. ಅಫೀಮು: ಮದ್ದೂ ಹೌದು, ವಿಷವೂ ಹೌದು

ಕನ್ನಡದ 'ಮದ್ದು' ಎಂಬ ಪದದ ಅರ್ಥವ್ಯಾಪ್ತಿ ಕುತೂಹಲಕರವಾಗಿದೆ. ಅದು ಔಷಧವನ್ನು ಸೂಚಿಸುತ್ತದೆ. 'ಮದ್ದಿಡುವುದು' ಎಂದಾಗ ವಿಷಪ್ರಯೋಗವನ್ನು ಸೂಚಿಸುತ್ತದೆ. ಸಿಡಿಯುವ ಪುಡಿಯೂ ಮದ್ದೇ. ಗುಣಪಡಿಸುವ ಮತ್ತು ಕೊಲ್ಲುವ ಶಕ್ತಿಗಳು ಒಂದೇ ವಸ್ತುವಿನಲ್ಲಿವೆ, ಪ್ರಮಾಣವೂ ಉದ್ದೇಶವೂ ಅವುಗಳನ್ನು ಬೇರ್ಪಡಿಸುತ್ತವೆ ಎಂಬ ಅರಿವು ಈ ಪದದಲ್ಲಿ ಅಡಕವಾಗಿದೆ. ಅಫೀಮಿಗೆ ಇದಕ್ಕಿಂತ ಹೊಂದುವ ಪದ ಮತ್ತೊಂದಿಲ್ಲ.

ಗಸಗಸೆ ಗಿಡದ ಬೀಜ ಕರ್ನಾಟಕದ ಅಡುಗೆಮನೆಯಲ್ಲಿ ಪಾಯಸವಾಗುತ್ತದೆ. ಅದೇ ಗಿಡದ ಎಳೆಗಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿ ಅಫೀಮಾಗುತ್ತದೆ. 'ಅಹಿಫೇನ' ಎಂಬ ಹೆಸರಿನಲ್ಲಿ ಅದು ಶಾರ್ಙ್ಗಧರಸಂಹಿತೆಯ ಕಾಲಕ್ಕಾಗಲೇ ಆಯುರ್ವೇದವನ್ನು ಪ್ರವೇಶಿಸಿತ್ತು. ಹಾವಿನ ನೊರೆ ಎಂಬ ಆ ಹೆಸರೇ ವಿಷದ ಎಚ್ಚರಿಕೆಯನ್ನು ಹೊತ್ತಿದೆ. ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದಿತಷ್ಟೆ. ಆ ಪ್ರಾಂತ್ಯದಲ್ಲಿ ಕೂಲಿಗೆ ಹೋಗುವ ತಾಯಂದಿರು ಕೂಸು ಅಳದೆ ಮಲಗಲೆಂದು 'ಬಾಳಗೋಳಿ' ಎಂಬ ಅಫೀಮು ಬೆರೆತ ಗುಳಿಗೆ ಕೊಡುತ್ತಿದ್ದ ರೂಢಿ ಇಪ್ಪತ್ತನೆಯ ಶತಮಾನದ ಆರಂಭದ ದಾಖಲೆಗಳಲ್ಲಿ ಚರ್ಚೆಗೆ ಬಂದಿದೆ. ಬಡತನ, ದುಡಿಮೆ ಮತ್ತು ಮಾದಕ ವಸ್ತುಗಳ ಸಂಬಂಧ ಇಂದು ನಿನ್ನೆಯದಲ್ಲ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಸೆರ್ಟ್ಯೂರ್ನರ್ ಅಫೀಮಿನಿಂದ ಮಾರ್ಫಿನ್ನನ್ನು ಬೇರ್ಪಡಿಸಿದನು. 1898ರಲ್ಲಿ ಹೆರಾಯಿನ್ ಮಾರುಕಟ್ಟೆಗೆ ಬಂದಿತು. 1965ರಲ್ಲಿ ನ್ಯೂಯಾರ್ಕಿನ ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್ ಅವರು ಹೆರಾಯಿನ್ ವ್ಯಸನಿಗಳಿಗೆ ನಿತ್ಯ ನಿಯತ ಪ್ರಮಾಣದಲ್ಲಿ ಮೆಥಡೋನ್ ಕುಡಿಸುವ ಚಿಕಿತ್ಸೆಯ ಫಲಿತಾಂಶವನ್ನು ಪ್ರಕಟಿಸಿದರು. ನಾಲಗೆಯ ಕೆಳಗಿಡುವ ಬುಪ್ರಿನಾರ್ಫಿನ್ ಗುಳಿಗೆ ಅನಂತರ ಬಂದದ್ದು. ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇದೇ. ಈ ಔಷಧಗಳು ಅಮಲಿನ ಏರಿಳಿತವನ್ನು ತಪ್ಪಿಸಿ, ಹಿಂಗಿಕೆಯ ಯಾತನೆಯನ್ನು ತಡೆದು, ರೋಗಿಯನ್ನು ಸೂಜಿಯಿಂದ ದೂರವಿಡುತ್ತವೆ. ಭಾರತದಲ್ಲಿ ಅಫೀಮುಜನ್ಯ ವಸ್ತುಗಳ ಬಳಕೆದಾರರು ಸುಮಾರು 2.26 ಕೋಟಿ, ಮಾದಕ ದ್ರವ್ಯ ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ ಎಂಬುದು 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಅಂದಾಜು.

5. ರಕ್ತದ ಗುರುತುಗಳು

ಹೆಪಟೈಟಿಸ್ ಸಿ ರೋಗಿಯ ರಕ್ತದಲ್ಲಿ ಓದುವ ಗುರುತುಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಪ್ರತಿಕಾಯ. ಶತ್ರು ಒಮ್ಮೆ ಊರಿಗೆ ಬಂದಿದ್ದನೆಂಬುದಕ್ಕೆ ನಿಲ್ಲಿಸಿದ ವೀರಗಲ್ಲಿನಂತೆ ಇದು. ಕಾಳಗ ನಡೆದುದನ್ನು ವೀರಗಲ್ಲು ಹೇಳುತ್ತದೆಯೇ ಹೊರತು ಶತ್ರು ಈಗಲೂ ಊರಲ್ಲಿದ್ದಾನೆಯೇ ಎಂಬುದನ್ನಲ್ಲ. ವೈರಸ್ ನಾಶವಾದ ಮೇಲೂ ಪ್ರತಿಕಾಯ ಬಹುಕಾಲ ಉಳಿಯುತ್ತದೆ. ಆದುದರಿಂದ ವೈರಸ್ಸಿನ ಆರ್‌ಎನ್‌ಎಯನ್ನು ನೇರವಾಗಿ ಹುಡುಕುವ ಎರಡನೆಯ ಪರೀಕ್ಷೆ ಅನಿವಾರ್ಯ.

ಎರಡನೆಯದು ಕಾವಲು ಕೋಶಗಳು. ಸಹಾಯಕ ಟಿ ಕೋಶಗಳು, ಸೋಂಕಿತ ಕೋಶಗಳನ್ನು ಕೊಲ್ಲುವ ಟಿ ಕೋಶಗಳು ಹಾಗೂ ಸಹಜ ಸಂಹಾರಕ ಕೋಶಗಳು ಈ ಗುಂಪಿನವು. ಅವುಗಳ ಸಂಖ್ಯೆಯಷ್ಟೇ ಅವುಗಳ ಮೇಲ್ಮೈಯ ಚಿಹ್ನೆಗಳೂ ಮುಖ್ಯ. ಸಿಡಿ38 ಮುಂತಾದವು ಕೋಶ ಎಚ್ಚೆತ್ತಿರುವುದನ್ನು ಸೂಚಿಸಿದರೆ, ದೀರ್ಘಕಾಲಿಕ ಸೋಂಕಿನಲ್ಲಿ ಹೆಚ್ಚುವ ಪಿಡಿ-1 ಕೋಶ ಬಳಲಿರುವುದನ್ನು ಸೂಚಿಸುತ್ತದೆ. ಇರುಳೆಲ್ಲ ಕೂಗಿ ದಣಿದ ಹೊಲದ ಕಾವಲುಗಾರನ ಸ್ಥಿತಿ ಇದು. ಮಂಚಿಕೆಯ ಮೇಲೆ ಅವನಿದ್ದಾನೆ, ಕವಣೆ ಬೀಸುವ ಬಲವಿಲ್ಲ.

ಮೂರನೆಯದು ಕೋಶಗಳು ಪರಸ್ಪರ ಕಳಿಸುವ ಸಂದೇಶಗಳು. ಇಂಟರ್‌ಫೆರಾನ್, ಇಂಟರ್‌ಲ್ಯೂಕಿನ್-6, ಐಪಿ-10 ಮೊದಲಾದ ಪ್ರೊಟೀನುಗಳಿವು. ಇಂಟರ್‌ಫೆರಾನ್ ಚಿಕಿತ್ಸೆಯ ಕಾಲದಲ್ಲಿ ಐಪಿ-10ರ ಮಟ್ಟ ಮೊದಲೇ ಹೆಚ್ಚಿರುವ ರೋಗಿಗೆ ಚಿಕಿತ್ಸೆ ಫಲಿಸುವ ಸಂಭವ ಕಡಿಮೆಯೆಂದು ತಿಳಿಯಲಾಗಿತ್ತು. ನಾಲ್ಕನೆಯದು ಕರುಳಿನಿಂದ ಸೂಕ್ಷ್ಮಾಣುಗಳ ಅಂಶಗಳು ರಕ್ತಕ್ಕೆ ಸೋರುತ್ತಿರುವುದನ್ನು ಪರೋಕ್ಷವಾಗಿ ತಿಳಿಸುವ, ರಕ್ತದಲ್ಲಿ ಕರಗಿರುವ ಸಿಡಿ14ರಂಥ ಗುರುತುಗಳು.

6. ಅಫೀಮುಜನ್ಯ ಔಷಧ ಈ ಗುರುತುಗಳನ್ನು ಕೆಡಿಸುವುದೇ?

ಪ್ರಯೋಗಶಾಲೆಯ ಉತ್ತರ ಒಂದು ಬಗೆಯದು. ರೋಗನಿರೋಧಕ ಕೋಶಗಳ ಮೇಲೂ ಅಫೀಮುಜನ್ಯ ವಸ್ತುಗಳ ಗ್ರಾಹಕಗಳಿವೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಯಕೃತ್ತಿನ ಕೋಶಗಳಿಗೆ ಮಾರ್ಫಿನ್ ಸೇರಿಸಿದಾಗ ಇಂಟರ್‌ಫೆರಾನ್ ಕುಗ್ಗಿ ವೈರಸ್ಸಿನ ವೃದ್ಧಿ ಹೆಚ್ಚಿದುದನ್ನು 2003ರ ಅಧ್ಯಯನವೊಂದು ತೋರಿಸಿತು. ಮೆಥಡೋನ್ ಕುರಿತೂ ಇಂಥ ವರದಿ ಬಂದಿತು. ಮಾರ್ಫಿನ್ ಕರುಳಿನ ಚಲನೆಯನ್ನು ನಿಧಾನಗೊಳಿಸಿ ಅದರ ಗೋಡೆಯನ್ನು ಸಡಿಲಿಸುತ್ತದೆ ಎಂಬುದನ್ನು ಪ್ರಾಣಿಗಳ ಮೇಲಿನ ಪ್ರಯೋಗಗಳು ತಿಳಿಸುತ್ತವೆ. ಇಷ್ಟನ್ನೇ ಓದಿದವರು ಅಫೀಮುಜನ್ಯ ಚಿಕಿತ್ಸೆಯಿಂದ ಹೆಪಟೈಟಿಸ್ ರೋಗಿಗೆ ಕೇಡು ಎಂದು ತೀರ್ಮಾನಿಸುವ ಸಂಭವವಿದೆ.

ಆದರೆ ಮನುಷ್ಯದೇಹದ ಉತ್ತರ ಬೇರೆಯಾಗಿದೆ. 1989ರಲ್ಲಿ ಪ್ರಕಟವಾದ ನೊವಿಕ್ ಮತ್ತು ಸಂಗಡಿಗರ ಅಧ್ಯಯನದಲ್ಲಿ, ಬೀದಿಯ ಹೆರಾಯಿನ್ ಬಳಸುತ್ತಿದ್ದವರಲ್ಲಿ ಸಹಜ ಸಂಹಾರಕ ಕೋಶಗಳ ಕಾರ್ಯಶಕ್ತಿ ಕುಗ್ಗಿತ್ತು. ದೀರ್ಘಕಾಲ ಮೆಥಡೋನ್ ಚಿಕಿತ್ಸೆಯಲ್ಲಿದ್ದವರಲ್ಲಿ ಅದು ಆರೋಗ್ಯವಂತರಷ್ಟೇ ಇತ್ತು. ಈ ವ್ಯತ್ಯಾಸಕ್ಕೆ ಕಾರಣ ಸ್ಪಷ್ಟ. ಬೀದಿಯ ಅಮಲು ದಿನಕ್ಕೆ ಹಲವು ಬಾರಿ ಏರಿ ಇಳಿಯುತ್ತದೆ, ಪ್ರತಿ ಇಳಿತವೂ ದೇಹಕ್ಕೆ ಒಂದು ಆಘಾತ. ಅದರೊಂದಿಗೆ ಕೊಳಕು ಸೂಜಿ, ಕಲಬೆರಕೆ, ಅಪೌಷ್ಟಿಕತೆ, ನಿದ್ರಾಹೀನತೆ, ಮೇಲಿಂದ ಮೇಲೆ ತಗಲುವ ಸೋಂಕುಗಳೂ ಸೇರಿರುತ್ತವೆ. ನಿಯತ ಚಿಕಿತ್ಸೆಯಲ್ಲಿ ಇವು ಒಂದೊಂದಾಗಿ ಕಳಚುತ್ತವೆ. ಗಾಜಿನ ತಟ್ಟೆಯಲ್ಲಿ ಅಳೆದದ್ದು ವಸ್ತುವಿನ ಗುಣವನ್ನು. ರೋಗಿಯಲ್ಲಿ ಅಳೆಯುವುದು ವಸ್ತುವಿನೊಂದಿಗೆ ಅವನ ಬದುಕನ್ನೂ. ಹೀಗಾಗಿ ರಕ್ತದ ಗುರುತುಗಳನ್ನು ಓದುವಾಗ ರೋಗಿ ಯಾವ ಅಫೀಮುಜನ್ಯ ವಸ್ತುವನ್ನು, ಯಾವ ಪ್ರಮಾಣದಲ್ಲಿ, ಎಷ್ಟು ಕಾಲದಿಂದ, ಯಾವ ದಾರಿಯಲ್ಲಿ ಪಡೆಯುತ್ತಿದ್ದಾನೆ, ಎಚ್‌ಐವಿ ಸೋಂಕು ಅಥವಾ ಮದ್ಯಸೇವನೆ ಜೊತೆಗಿದೆಯೇ ಎಂಬುದನ್ನು ತಿಳಿಯದೆ ತೀರ್ಮಾನಕ್ಕೆ ಬರಲಾಗದು.

ನಿರ್ಣಾಯಕವಾದ ಉತ್ತರ ಬಂದದ್ದು ಗುಳಿಗೆಯ ರೂಪದ ನೇರ ವೈರಸ್‌ನಾಶಕ ಔಷಧಗಳಿಂದ. 2013ರ ಕೊನೆಯಲ್ಲಿ ಅಮೆರಿಕದಲ್ಲಿ ಸೊಫೊಸ್ಬುವಿರ್‌ಗೆ ಒಪ್ಪಿಗೆ ದೊರೆಯಿತು. 2014ರಲ್ಲಿ ಭಾರತೀಯ ಕಂಪನಿಗಳಿಗೆ ತಯಾರಿಕೆಯ ಪರವಾನಗಿ ಸಿಕ್ಕಿದ ಮೇಲೆ ಅದರ ಬೆಲೆ ಇಲ್ಲಿ ಬಹುಪಾಲು ಇಳಿಯಿತು. ಅಫೀಮುಜನ್ಯ ಚಿಕಿತ್ಸೆಯಲ್ಲಿದ್ದವರನ್ನೇ ಆಯ್ದು ನಡೆಸಿದ, 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೂಡಲೇ ಔಷಧ ಪಡೆದ ಗುಂಪಿನ ಶೇಕಡ 90ಕ್ಕೂ ಹೆಚ್ಚು ಜನ ಗುಣಹೊಂದಿದರು. ಇತ್ತೀಚಿನವರೆಗೂ ಮಾದಕ ದ್ರವ್ಯ ಚುಚ್ಚಿಕೊಳ್ಳುತ್ತಿದ್ದ 103 ಮಂದಿಯ ಮತ್ತೊಂದು ಪ್ರಯೋಗದಲ್ಲಿ, 2018ರ ವರದಿಯಂತೆ, ಗುಣ ಹೊಂದಿದವರು ಶೇಕಡ 94. ಕಾವಲು ಕೋಶಗಳು ಬಳಲಿದ್ದರೂ ಔಷಧ ವೈರಸ್ಸನ್ನು ತೆಗೆಯಬಲ್ಲದು ಎಂಬುದು ಇದರಿಂದ ಸಿದ್ಧವಾಯಿತು. ವೈರಸ್ ಹೋದ ಮೇಲೆ ಉರಿಯೂತದ ಸಂದೇಶಗಳು ತಗ್ಗುತ್ತವೆ, ಕಾವಲು ಕೋಶಗಳು ಭಾಗಶಃ ಚೇತರಿಸುತ್ತವೆ. ಆದರೆ ಹಳೆಯ ಬಳಲಿಕೆಯ ಕಲೆ ಪೂರ್ತಿ ಅಳಿಯುವುದಿಲ್ಲ. ಒಮ್ಮೆ ಗುಣವಾದರೆ ಮತ್ತೆ ತಗಲದು ಎಂಬ ಖಾತರಿಯೂ ಇಲ್ಲ.

ಭಾರತ ಸರಕಾರವು 2018ರ ಜುಲೈ 28ರಂದು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಇದರಡಿ ಪರೀಕ್ಷೆ ಮತ್ತು ಔಷಧ ಉಚಿತ. ಯಕೃತ್ತು ಗಡುಸಾಗದ ರೋಗಿಗೆ ಸಾಮಾನ್ಯವಾಗಿ 12 ವಾರಗಳ ಗುಳಿಗೆ ಸಾಕಾಗುತ್ತದೆ.

7. ಜನಪದ ಪರಿಭಾಷೆಯ ಹೊಣೆ

ವಿಜ್ಞಾನ ಇಷ್ಟು ದೂರ ಬಂದಿದ್ದರೂ ರೋಗಿಯನ್ನು ಹಿಂದಕ್ಕೆ ಸೆಳೆಯುವ ಮೂರು ತಪ್ಪುಗ್ರಹಿಕೆಗಳು ಉಳಿದಿವೆ. ಕಣ್ಣಿನ ಹಳದಿ ಇಳಿದರೆ ರೋಗ ಹೋಯಿತು ಎಂಬುದು ಮೊದಲನೆಯದು. ಪ್ರತಿಕಾಯ ಕಂಡರೆ ರೋಗ ಇದ್ದೇ ಇದೆ ಎಂಬುದು ಎರಡನೆಯದು. ಗುಣಹೊಂದಿದವನನ್ನೂ ಇದು ಕಳಂಕಿತನನ್ನಾಗಿಸುತ್ತದೆ. ಅಫೀಮುಜನ್ಯ ಚಿಕಿತ್ಸೆ ಎಂದರೆ ಒಂದು ಚಟ ಬಿಡಿಸಿ ಇನ್ನೊಂದನ್ನು ಅಂಟಿಸುವುದು ಎಂಬುದು ಮೂರನೆಯದು. ಅಕ್ಷರಸ್ಥರಲ್ಲಿಯೂ ಬೇರೂರಿರುವ ಈ ಮೂರನೆಯ ಗ್ರಹಿಕೆಯಿಂದಾಗಿ ಮನೆಯವರೇ ಗುಳಿಗೆ ನಿಲ್ಲಿಸುವುದುಂಟು. ನಿಂತೊಡನೆ ರೋಗಿ ಮರಳುವುದು ಸೂಜಿಗೆ, ಸೂಜಿಯೊಡನೆ ಮರಳುವುದು ಸೋಂಕು. ಕೆಲಕಾಲ ಬಿಟ್ಟಿದ್ದ ದೇಹ ಹಳೆಯ ಪ್ರಮಾಣವನ್ನು ತಾಳಲಾರದೆ ಪ್ರಾಣವೇ ಹೋಗಬಹುದು.

ಇದಕ್ಕೆ ಪರಿಹಾರದ ಬೀಜಗಳು ಜನಪದ ಪರಿಭಾಷೆಯಲ್ಲಿಯೇ ಇವೆ. 'ಮದ್ದು' ಎಂಬ ಪದ ಪ್ರಮಾಣದ ವಿವೇಕವನ್ನು ಹೇಳುತ್ತದೆ. ವೈದ್ಯನ ಕೈಯಿಂದ ನಿಯತವಾಗಿ ಬರುವ ಅಫೀಮುಜನ್ಯ ಗುಳಿಗೆ ಮತ್ತು ಬೀದಿಯ ಅಮಲು ಒಂದೇ ಅಲ್ಲವೆಂಬುದನ್ನು ಈ ಪದದ ಮೂಲಕ ಹಳ್ಳಿಗರಿಗೆ ಮನಗಾಣಿಸುವುದು ಸುಲಭ. 'ಪಥ್ಯ' ಎಂಬ ಪದ ಕಾಲಬದ್ಧ ಶಿಸ್ತನ್ನು ಹೇಳುತ್ತದೆ. ಹನ್ನೆರಡು ವಾರಗಳ ಗುಳಿಗೆಯನ್ನು ಎಂಬತ್ತನಾಲ್ಕು ದಿನಗಳ ಪಥ್ಯವೆಂದು ಹೇಳಿದರೆ ನಡುವೆ ಬಿಡಬಾರದೆಂಬ ಅರ್ಥ ತಾನಾಗಿಯೇ ಬರುತ್ತದೆ. ಕಾಮಣಿಗೆ ಔಷಧ ಕೇಳಿಕೊಂಡು ಬಂದವರನ್ನು ರಕ್ತಪರೀಕ್ಷೆಗೂ ಕಳಿಸುವಂತೆ ಗಾಂವಠಿ ವೈದ್ಯರನ್ನು ಒಡಂಬಡಿಸುವುದು ಸಾಧ್ಯವಾದರೆ, ಅವರನ್ನು ದೂರವಿಟ್ಟು ಸಾಧಿಸುವುದಕ್ಕಿಂತ ಹೆಚ್ಚಿನದನ್ನು ಸಾಧಿಸಬಹುದು. ಬೆಳಗಾವಿಯಲ್ಲಿರುವ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆಯಂಥ ಕೇಂದ್ರಗಳು ಮತ್ತು ಜಾನಪದ ಅಧ್ಯಯನ ವಿಭಾಗಗಳು ಕೂಡಿ ಮಾಡಬೇಕಾದ ಕೆಲಸವಿದು. ಈ ತಿಳಿವಳಿಕೆ ಕನ್ನಡದಲ್ಲಿ ಮಾತ್ರವಲ್ಲದೆ ಮರಾಠಿಯಲ್ಲೂ ಏಕಕಾಲಕ್ಕೆ ತಲುಪಬೇಕಾದುದು ಈ ಗಡಿಸೀಮೆಯ ಅಗತ್ಯ.

ಒಟ್ಟಾರೆಯಾಗಿ ಹೇಳುವುದಾದರೆ, ಹೆಪಟೈಟಿಸ್ ಸಿ ರೋಗಿಯ ರೋಗನಿರೋಧಕ ಗುರುತುಗಳು ಅಫೀಮುಜನ್ಯ ಚಿಕಿತ್ಸೆಯನ್ನು ನಿಲ್ಲಿಸಲು ಕಾರಣವಾಗುವುದಿಲ್ಲ. ಬದಲಾಗಿ ಆ ಚಿಕಿತ್ಸೆಯೊಂದಿಗೇ ವೈರಸ್‌ನಾಶಕ ಔಷಧವನ್ನು ಕೊಡಬೇಕೆಂಬುದನ್ನು ಅವು ಸಮರ್ಥಿಸುತ್ತವೆ. ಗುರುತನ್ನು ಓದಿ ರೋಗವನ್ನು ಅರಿಯುವ ಕಲೆ ಏಕಸಂಬಿ ಪರಿಸರದ ಜನಪದರಿಗೆ ಹೊಸದಲ್ಲ. ಕಣ್ಣಿಗೆ ಕಾಣುವ ಹಳದಿಯಿಂದ ರಕ್ತದೊಳಗಿನ ಕಾಣದ ಗುರುತಿನವರೆಗೆ ಆ ಓದನ್ನು ವಿಸ್ತರಿಸಬೇಕಾಗಿದೆ. ಬಸದಿಯ ಕಾಲದಲ್ಲಿ ಭೈಷಜ್ಯದಾನ ಮತ್ತು ಶಾಸ್ತ್ರದಾನ ಜೊತೆಜೊತೆಯಾಗಿದ್ದವು. ಔಷಧ ಉಚಿತವಾಗಿ ದೊರೆಯುತ್ತಿರುವ ಈ ಕಾಲದಲ್ಲಿ ಅದರೊಂದಿಗೆ ಸಲ್ಲಬೇಕಾದ ಅರಿವಿನ ದಾನವೂ ಅಷ್ಟೇ ಅಗತ್ಯವಾಗಿದೆ.